ಹೆಸರು ಯಾವ ಪುಸ್ತಕದಲ್ಲಿ?

ಏಪ್ರಿಲ್ 5ಕ್ಕೆ ಇಂಗ್ಲೆಂಡಿನ ತೆರಿಗೆ ವರ್ಷ ಮುಗಿಯುತ್ತದೆ. ಅಲ್ಲಿಂದ ಒಂದೆರಡು ತಿಂಗಳು ಲೆಸ್ಟರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ತಟ್ಟೆಗಳಿಗಿಂತ ಕಾಗದಪತ್ರಗಳೇ ಹೆಚ್ಚು. ಕನ್ನಡ ಬಲ್ಲ ಲೆಕ್ಕಿಗನೊಬ್ಬ ಇದ್ದಾನೆ, ಫೀಸು ಕೇಳುವುದಿಲ್ಲ ಎಂಬ ಸುದ್ದಿ ಯುಗಾದಿ ಊಟದ ಸಾಲಿನಲ್ಲಿ ಬಹು ಬೇಗ ಹರಡುತ್ತದೆ. ಹಾಗೆ ಬರುವವರಲ್ಲಿ ಸುಮಾರು ಅರ್ಧದಷ್ಟು ಜನ ನರ್ಸುಗಳು. ಅವರ ಸಂಬಳದ ಚೀಟಿ, ಅವರು ಕಟ್ಟುವ ನೋಂದಣಿ ಶುಲ್ಕ, ಯೂನಿಫಾರ್ಮ್ ಒಗೆಯುವ ಖರ್ಚಿಗೆಂದು ತೆರಿಗೆ ಇಲಾಖೆ ವರ್ಷಕ್ಕೆ ಒಪ್ಪಿಕೊಳ್ಳುವ 125 ಪೌಂಡ್, ಇವೆಲ್ಲ ನನಗೆ ಬಾಯಿಪಾಠ. ಆದರೆ ಆ ಕಾಗದಗಳ ಹಿಂದೆ ನೂರು ವರ್ಷದ ಒಂದು ಕಥೆ ಇದೆ ಎಂದು ನನಗೆ ಗೊತ್ತಾದದ್ದು ಒಂದು ಚಾಕೊಲೇಟ್ ಡಬ್ಬಿಯಿಂದ.

ಡಬ್ಬಿ ತಂದವರು ನಾವೆಲ್ಲ ಆಂಟಿ ಎಂದು ಕರೆಯುವ, ಎಪ್ಪತ್ತು ದಾಟಿದ ಹಿರಿಯರು. ಮೂಡುಬಿದಿರೆ ಕಡೆಯವರು. ಎರಡು ಕಡೆಯಿಂದ ಪಿಂಚಣಿ ಬರುತ್ತದೆ, ಟ್ಯಾಕ್ಸ್ ಕೋಡ್ ತಪ್ಪಾಗಿ ಬಿದ್ದಿತ್ತು. ಹಳೆಯ ಕಾಗದ ಹುಡುಕುತ್ತಾ ಡಬ್ಬಿಯ ತಳದಿಂದ ಹಸಿರು ಬಣ್ಣದ ಒಂದು ಬ್ಯಾಡ್ಜನ್ನೂ ಮಡಿಕೆ ಬಿದ್ದ ಒಂದು ಪ್ರಮಾಣಪತ್ರವನ್ನೂ ತೆಗೆದೆ. ಅದರಲ್ಲಿ ‘ಸ್ಟೇಟ್ ಎನ್‌ರೋಲ್ಡ್ ನರ್ಸ್’ ಎಂದಿತ್ತು.

“ರಿಜಿಸ್ಟರ್ಡ್ ಅಲ್ವಾ ಆಂಟಿ? ಎನ್‌ರೋಲ್ಡ್ ಅಂದ್ರೆ ಏನು?” ಎಂದೆ.

“ನನಗೂ ಗೊತ್ತಿರ್ಲಿಲ್ಲ ಮಗಾ. ಗೊತ್ತಾಗುವಾಗ ಮೂರು ವರ್ಷ ಆಗಿತ್ತು” ಎಂದರು.

ಲೆಕ್ಕ ಬರೆಯುವವನಿಗೆ ಯಾವ ಮೊತ್ತವನ್ನು ಯಾವ ಪುಸ್ತಕದಲ್ಲಿ ಬರೆದಿದ್ದಾರೆ ಎಂಬುದು ಮೊತ್ತದಷ್ಟೇ ಮುಖ್ಯ. ಬಂಡವಾಳದ ಖಾತೆಗೆ ಹಾಕಬೇಕಾದದ್ದನ್ನು ಖರ್ಚಿನ ಖಾತೆಗೆ ಹಾಕಿದರೆ ಇಡೀ ಚಿತ್ರವೇ ಬದಲಾಗುತ್ತದೆ. ಇಂಗ್ಲೆಂಡು ತನ್ನ ನರ್ಸುಗಳ ಹೆಸರನ್ನು ಬರೆದಿಟ್ಟ ಪುಸ್ತಕಗಳ ಬಗ್ಗೆ ನಾನು ಓದತೊಡಗಿದ್ದು ಆ ಸಂಜೆಯಿಂದ.

ಮೊದಲಿಗೆ ಯಾವ ಪುಸ್ತಕವೂ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಯಾರು ಬೇಕಾದರೂ ತಾನು ನರ್ಸ್ ಎಂದು ಹೇಳಿಕೊಳ್ಳಬಹುದಿತ್ತು. ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಗೆ ಇಪ್ಪತ್ತನಾಲ್ಕನೆಯ ವಯಸ್ಸಿಗೇ ಮೇಟ್ರನ್ ಆಗಿದ್ದ ಎಥೆಲ್ ಎಂಬ ಹೆಂಗಸಿಗೆ ಇದು ಸರಿಬರಲಿಲ್ಲ. ಡಾಕ್ಟರ್ ಬೆಡ್‌ಫರ್ಡ್ ಫೆನ್‌ವಿಕ್ ಅವರನ್ನು ಮದುವೆಯಾಗಿ ಕೆಲಸ ಬಿಟ್ಟ 1887ರಲ್ಲೇ ಆಕೆ ನರ್ಸುಗಳ ಸಂಘ ಕಟ್ಟಿ, ತರಬೇತಿ ಪಡೆದವರ ಹೆಸರನ್ನು ಸರ್ಕಾರವೇ ಒಂದು ರಿಜಿಸ್ಟರಿನಲ್ಲಿ ಬರೆಯಬೇಕು ಎಂದು ಹೋರಾಟಕ್ಕಿಳಿದರು. ವಿರೋಧಿಸಿದವರಲ್ಲಿ ಯಾರಿದ್ದರು ಗೊತ್ತೇ? ಫ್ಲಾರೆನ್ಸ್ ನೈಟಿಂಗೇಲ್! ನಮ್ಮ ಪ್ರೈಮರಿ ಶಾಲೆಯ ಪಾಠದಲ್ಲಿ ದೀಪ ಹಿಡಿದು ನಿಂತಿದ್ದ ಅದೇ ನೈಟಿಂಗೇಲ್. ನರ್ಸಿನ ಗುಣ ಪರೀಕ್ಷೆಯಿಂದ ಅಳೆಯುವಂಥದ್ದಲ್ಲ, ಒಮ್ಮೆ ಪುಸ್ತಕದಲ್ಲಿ ಹೆಸರು ಬಂದರೆ ಆಯಿತೇ ಎಂಬುದು ಆಕೆಯ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಪುಸ್ತಕ ಇಲ್ಲದಿದ್ದರೆ ಸಂಬಳ ಕೇಳುವುದಕ್ಕೆ ಆಧಾರವೂ ಇರುವುದಿಲ್ಲ, ಇದನ್ನು ಹೇಳಲು ನನ್ನಂಥ ಲೆಕ್ಕಿಗನೇ ಬೇಕೇನೋ.

ನ್ಯೂಜಿಲೆಂಡ್ 1901ರಲ್ಲೇ ಕಾನೂನು ಮಾಡಿತು. ಇಂಗ್ಲೆಂಡಿಗೆ ಮೊದಲ ಮಹಾಯುದ್ಧ ಮುಗಿಯಬೇಕಾಯಿತು. 1919ರ ಡಿಸೆಂಬರಿನಲ್ಲಿ ನರ್ಸುಗಳ ನೋಂದಣಿ ಕಾಯಿದೆ ಬಂತು, 1921ರಲ್ಲಿ ರಿಜಿಸ್ಟರ್ ತೆರೆಯಿತು. ಅದರಲ್ಲಿ 1ನೇ ನಂಬರಿನ ನರ್ಸ್ ಶ್ರೀಮತಿ ಬೆಡ್‌ಫರ್ಡ್ ಫೆನ್‌ವಿಕ್. ಆ ಮೊದಲ ಪುಸ್ತಕದಲ್ಲೂ ಎಲ್ಲರೂ ಒಂದೇ ಪಂಕ್ತಿಯಲ್ಲಿರಲಿಲ್ಲ. ಮುಖ್ಯ ಭಾಗ ಹೆಂಗಸರಿಗೆ ಮಾತ್ರ. ಗಂಡು ನರ್ಸುಗಳನ್ನು, ಮಾನಸಿಕ ಆಸ್ಪತ್ರೆಯ ನರ್ಸುಗಳನ್ನು ಪೂರಕ ಭಾಗಗಳಲ್ಲಿ ಬರೆದರು. ಗಂಡಸರು ಮುಖ್ಯ ಭಾಗಕ್ಕೆ ಬರಲು 1949ರ ಕಾಯಿದೆ ಬರಬೇಕಾಯಿತು. ಈ ನಡುವೆ ನಮ್ಮ ಕಡೆ, ದಕ್ಷಿಣ ಕನ್ನಡ ಇನ್ನೂ ಮದರಾಸು ಪ್ರಾಂತ್ಯದಲ್ಲಿದ್ದಾಗ, 1926ರ ಮದರಾಸು ಕಾಯಿದೆಯಿಂದ ನರ್ಸುಗಳ ಮತ್ತು ಸೂಲಗಿತ್ತಿಯರ ನೋಂದಣಿ ಶುರುವಾಗಿತ್ತು.

ಎರಡನೆಯ ಪುಸ್ತಕ ಹುಟ್ಟಿದ್ದು ಎರಡನೆಯ ಯುದ್ಧದ ಹೊತ್ತಿಗೆ. ವಾರ್ಡುಗಳಲ್ಲಿ ಪೂರ್ಣ ತರಬೇತಿ ಇಲ್ಲದ ಸಾವಿರಾರು ಸಹಾಯಕಿಯರು ಕೆಲಸ ಮಾಡುತ್ತಿದ್ದರು, ರಿಜಿಸ್ಟರಿನ ನರ್ಸುಗಳು ಸಾಲುತ್ತಿರಲಿಲ್ಲ. 1943ರ ಕಾಯಿದೆ ಈ ಸಹಾಯಕಿಯರಿಗಾಗಿ ‘ರೋಲ್’ ಎಂಬ ಇನ್ನೊಂದು ಪುಸ್ತಕ ತೆರೆಯಿತು. ರಿಜಿಸ್ಟರಿಗೆ ಮೂರು ವರ್ಷದ ತರಬೇತಿ, ರೋಲಿಗೆ ಎರಡು ವರ್ಷ. 1961ರಲ್ಲಿ ‘ಸಹಾಯಕ’ ಎಂಬ ಪದ ತೆಗೆದು ಅವರನ್ನು ‘ಸ್ಟೇಟ್ ಎನ್‌ರೋಲ್ಡ್ ನರ್ಸ್’ ಎಂದು ಕರೆದರು. ಹೆಸರು ದೊಡ್ಡದಾಯಿತು, ಪುಸ್ತಕ ಅದೇ ಉಳಿಯಿತು.

ಅಷ್ಟರಲ್ಲಿ 1948ರ ಜುಲೈ 5ರಂದು ಎನ್‌ಎಚ್‌ಎಸ್ ಶುರುವಾಗಿತ್ತು. ಎಲ್ಲರಿಗೂ ಉಚಿತ ಚಿಕಿತ್ಸೆ ಎಂದಮೇಲೆ ಕೈಗಳು ಬೇಕಲ್ಲ! ಬ್ರಿಟಿಷ್ ಸರ್ಕಾರ ಮತ್ತು ಆಸ್ಪತ್ರೆಗಳು ಕೆರಿಬಿಯನ್ ದ್ವೀಪಗಳ ಕಡೆ, ಐರ್ಲೆಂಡಿನ ಕಡೆ, ಆಮೇಲೆ ಮಲೇಷ್ಯಾ, ಮಾರಿಷಸ್, ಭಾರತದ ಕಡೆ ನೋಡಿದವು. ಹದಿನೆಂಟು ಹತ್ತೊಂಬತ್ತರ ಹುಡುಗಿಯರು ಹಡಗು ಹತ್ತಿ ಬಂದರು. ಇಲ್ಲಿನ ಹುಡುಗಿಯರು ಹೋಗಲೊಪ್ಪದ ವೃದ್ಧರ ವಾರ್ಡುಗಳು, ಮಾನಸಿಕ ಆಸ್ಪತ್ರೆಗಳು, ರಾತ್ರಿ ಪಾಳಿಗಳು ಅವರಿಗೆ ಸಿಕ್ಕವು. ಬಂದವರಲ್ಲಿ ಬಹಳ ಮಂದಿಯನ್ನು ಕೇಳದೆ, ಹೇಳದೆ ಎರಡು ವರ್ಷದ ತರಬೇತಿಗೆ ಹಾಕಿದರು.

ನಮ್ಮ ಆಂಟಿ 1966ರಲ್ಲಿ ಬಂದವರು. ಅವರ ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು, ಊರಿನಲ್ಲಿ ಯಾರಿಗೆ ಇಂಗ್ಲಿಷ್ ಕಾಗದ ಬಂದರೂ ಓದಿ ಹೇಳುತ್ತಿದ್ದವರು. ಮಗಳಿಗೆ ಇಂಗ್ಲೆಂಡಿನ ಆಸ್ಪತ್ರೆಯಿಂದ ಬಂದ ಕಾಗದವನ್ನು ಅವರೇ ಓದಿದರು. ಅದರಲ್ಲಿ ‘ಪ್ಯೂಪಿಲ್ ನರ್ಸ್’ ಎಂದಿತ್ತು. ಪ್ಯೂಪಿಲ್ ಎಂದರೆ ವಿದ್ಯಾರ್ಥಿ. ಮೇಷ್ಟ್ರಿಗೆ ಸಂತೋಷವೋ ಸಂತೋಷ. ಮಗಳು ಓದಲು ಹೋಗುತ್ತಿದ್ದಾಳೆ ಎಂದು ಶಾಲೆಯಲ್ಲಿ ಸಿಹಿ ಹಂಚಿದರಂತೆ.

ಇಲ್ಲಿನ ಆಸ್ಪತ್ರೆಗಳ ಭಾಷೆಯಲ್ಲಿ ಮೂರು ವರ್ಷ ಕಲಿತು ರಿಜಿಸ್ಟರಿಗೆ ಹೋಗುವವಳು ‘ಸ್ಟೂಡೆಂಟ್ ನರ್ಸ್’. ಎರಡು ವರ್ಷ ಕಲಿತು ರೋಲಿಗೆ ಹೋಗುವವಳು ‘ಪ್ಯೂಪಿಲ್ ನರ್ಸ್’. ಕನ್ನಡದಲ್ಲಿ ಎರಡಕ್ಕೂ ವಿದ್ಯಾರ್ಥಿನಿ ಎಂದೇ ಹೇಳಬೇಕು, ನಮ್ಮ ಯಾವ ನಿಘಂಟಿನ ಸಹಾಯದಿಂದಲೂ ಆ ವ್ಯತ್ಯಾಸ ತಿಳಿಯುವುದಿಲ್ಲ. ಮೇಷ್ಟ್ರ ಅರ್ಥ ಸರಿಯಾಗಿತ್ತು, ಆದರೂ ಮಗಳ ಮೂವತ್ತು ವರ್ಷ ಆ ಒಂದು ಪದದ ಕೆಳಗೆ ಹೋಯಿತು.

“ನಾವು ಒಟ್ಟಿಗೇ ಬೆಡ್‌ಪ್ಯಾನ್ ತೊಳೀತಿದ್ದೆವು, ಒಟ್ಟಿಗೇ ಊಟ ಮಾಡ್ತಿದ್ದೆವು. ಕ್ಲಾಸು ಮಾತ್ರ ಬೇರೆ. ನಮಗೆ ಇಂಗ್ಲಿಷ್ ಕಷ್ಟ ಅಂತ ಬೇರೆ ಇಟ್ಟಿರ್ಬೇಕು ಅಂತ ನಾನು ಎಣಿಸಿದ್ದು” ಎಂದರು ಆಂಟಿ.

ಆಗ ರಿಜಿಸ್ಟರಿನ ತರಬೇತಿಗೆ ಸೇರಲು ಇಲ್ಲಿಯ ಎರಡು ಓ-ಲೆವೆಲ್ ಅಥವಾ ಅದಕ್ಕೆ ಸಮನಾದ ಓದು ಬೇಕಿತ್ತು. ಆಂಟಿಯದು ಮೊದಲ ದರ್ಜೆಯ ಎಸ್‌ಎಸ್‌ಎಲ್‌ಸಿ. ಅದು ಯಾವುದಕ್ಕೆ ಸಮ ಎಂದು ಅವರ ವಿಷಯದಲ್ಲಿ ಯಾರೂ ನೋಡಲೇ ಇಲ್ಲ. 1968ರಲ್ಲಿ ಪಾಸಾದಾಗ ಹಸಿರು ಬ್ಯಾಡ್ಜು ಕೊಟ್ಟರು. ಅದೇ ವಾರ್ಡಿಗೆ ಹೊಸದಾಗಿ ಬಂದ ಇಪ್ಪತ್ತೊಂದರ ಇಂಗ್ಲಿಷ್ ಹುಡುಗಿಯೊಬ್ಬಳು ಮರುವರ್ಷ ಇವರ ಮೇಲಧಿಕಾರಿಯಾದಾಗ ಎರಡು ಪುಸ್ತಕಗಳ ವಿಚಾರ ಬಿಡಿಸಿ ಹೇಳಿದವಳೂ ಅವಳೇ. ಪಾಪ, ಅವಳು ಮುಜುಗರಪಟ್ಟುಕೊಂಡೇ ಹೇಳಿದಳಂತೆ.

ಊರಿಗೆ ವಾಪಸು ಹೋಗಬಹುದಿತ್ತಲ್ಲ ಎಂದರೆ ಅದಕ್ಕೂ ದಾರಿ ಇರಲಿಲ್ಲ. ಎನ್‌ರೋಲ್ಡ್ ಎಂಬ ಅರ್ಹತೆಯನ್ನು ಹಲವು ದೇಶಗಳಲ್ಲಿ ಪೂರ್ಣ ನರ್ಸಿನ ಅರ್ಹತೆ ಎಂದು ಎಣಿಸುತ್ತಲೇ ಇರಲಿಲ್ಲ. ಕೆರಿಬಿಯನ್ ದ್ವೀಪಗಳಿಗೆ ಮರಳಿದ ಎಷ್ಟೋ ಮಂದಿಗೆ ಇದೇ ಅನುಭವ. 1971ರಲ್ಲಿ ರಜೆಯಲ್ಲಿ ಊರಿಗೆ ಹೋದ ಆಂಟಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ವಿಚಾರಿಸಿದರು. ಈ ಕಾಗದ ಇಲ್ಲಿ ನಡೆಯುವುದಿಲ್ಲ ಎಂದರು. ಲಂಡನ್ ರಿಟರ್ನ್ಡ್ ಮಗಳನ್ನು ನೋಡಲು ಬಂದ ನೆಂಟರ ಮುಂದೆ ಅಪ್ಪನಿಗೆ ಅದನ್ನು ಹೇಳಲು ಮನಸ್ಸು ಬರಲಿಲ್ಲ. ಮತ್ತೆಂದೂ ಹೇಳಲಿಲ್ಲ. ಮೇಷ್ಟ್ರು ತೀರಿಕೊಳ್ಳುವವರೆಗೂ ಮಗಳು ‘ಸ್ಟಾಫ್ ನರ್ಸ್’ ಎಂದೇ ತಿಳಿದಿದ್ದರು.

ಇಲ್ಲಿ ಒಂದು ಉಪಕಥೆ. ನಮ್ಮೂರಿನಲ್ಲಿ ನರ್ಸುಗಳನ್ನೆಲ್ಲ ನಾವು ‘ಸಿಸ್ಟರ್’ ಎಂದು ಕರೆಯುತ್ತೇವೆ. ಇಂಗ್ಲೆಂಡಿನಲ್ಲಿ ಸಿಸ್ಟರ್ ಒಂದು ಹುದ್ದೆ, ಇಡೀ ವಾರ್ಡಿನ ಯಜಮಾನಿಕೆ. ಎನ್‌ರೋಲ್ಡ್ ನರ್ಸಿಗೆ ಆ ಬಾಗಿಲು ಬಹುತೇಕ ಮುಚ್ಚಿತ್ತು. ಹೀಗಾಗಿ ಆಂಟಿಯನ್ನು ಸಿಸ್ಟರ್ ಎಂದು ಕರೆದವರು ರಜೆಯಲ್ಲಿ ಸಿಕ್ಕ ಊರಿನವರು ಮಾತ್ರ.

1979ರ ಕಾಯಿದೆ ಎರಡು ಪುಸ್ತಕಗಳನ್ನು ಒಂದು ಮಾಡಿತು. 1983ರಲ್ಲಿ ಹೊಸ ಮಂಡಳಿ ಬಂದಾಗ ರೋಲ್ ಎಂಬ ಪ್ರತ್ಯೇಕ ಪುಸ್ತಕ ಹೋಯಿತು, ಆದರೆ ಒಂದೇ ಪುಸ್ತಕದೊಳಗೆ ಮೊದಲ ದರ್ಜೆ, ಎರಡನೆಯ ದರ್ಜೆ ಎಂಬ ಭಾಗಗಳು ಉಳಿದವು. 1988ರಲ್ಲಿ ನರ್ಸುಗಳ ಸಂಬಳವನ್ನು ಎ ಯಿಂದ ಐ ವರೆಗೆ ದರ್ಜೆಗಳಾಗಿ ವಿಂಗಡಿಸಿದಾಗ ದೇಶವೆಲ್ಲ ಗದ್ದಲ, ಮೇಲ್ಮನವಿಗಳ ರಾಶಿ. ಎನ್‌ರೋಲ್ಡ್ ನರ್ಸುಗಳು ಸಾಮಾನ್ಯವಾಗಿ ಸಿ ಅಥವಾ ಡಿ ದರ್ಜೆಗೆ ಬಿದ್ದರು. ಆಮೇಲೆ ನರ್ಸಿಂಗ್ ಶಿಕ್ಷಣ ಕಾಲೇಜಿಗೆ ವರ್ಗವಾಯಿತು, ಎರಡು ವರ್ಷದ ತರಬೇತಿಯೇ ನಿಂತುಹೋಯಿತು. ಹಳಬರಿಗೆ ಮೇಲಿನ ದರ್ಜೆಗೆ ಹೋಗಲು ಪರಿವರ್ತನಾ ಕೋರ್ಸು ಇಟ್ಟರು.

ಆಂಟಿ ಆ ಕೋರ್ಸು ಮಾಡಿದ್ದು 1994ರಲ್ಲಿ, ನಲವತ್ತೇಳನೆಯ ವಯಸ್ಸಿಗೆ. ಇಪ್ಪತ್ತಾರು ವರ್ಷ ಮಾಡಿದ ಕೆಲಸವನ್ನೇ ಮತ್ತೆ ಪ್ರಬಂಧ ಬರೆದು ಗೊತ್ತಿದೆ ಎಂದು ತೋರಿಸುವುದು. ಮಗಳು ಎ-ಲೆವೆಲ್ ಪರೀಕ್ಷೆಗೆ ಮೇಜಿನ ಒಂದು ಬದಿ, ಅಮ್ಮ ಇನ್ನೊಂದು ಬದಿ.

ಇಲ್ಲಿ ನನ್ನ ವೃತ್ತಿಯ ಒಂದು ಲೆಕ್ಕ ಹೇಳಬೇಕು. ಅವರ ಕಾಲದ ಎನ್‌ಎಚ್‌ಎಸ್ ಪಿಂಚಣಿ ಕೊನೆಯ ಮೂರು ವರ್ಷಗಳಲ್ಲಿ ಅತ್ಯುತ್ತಮ ವರ್ಷದ ಸಂಬಳದ ಮೇಲೆ ನಿಲ್ಲುತ್ತದೆ. ಸೇವೆಯ ಪ್ರತಿ ವರ್ಷಕ್ಕೆ ಆ ಸಂಬಳದ ಎಂಬತ್ತನೆಯ ಒಂದು ಭಾಗ. ಅಂದರೆ 1994ರ ಆ ಕೋರ್ಸಿನಿಂದ ಏರಿದ ಸಂಬಳ ಹಿಂದಿನ ಇಪ್ಪತ್ತಾರು ವರ್ಷಗಳ ಪಿಂಚಣಿಯನ್ನೂ ಏರಿಸಿತು. ಹೋದ ಸಂಬಳ ಹೋಯಿತು, ಪಿಂಚಣಿ ಮಾತ್ರ ಉಳಿಯಿತು. ಕಾಗದದ ಮೇಲೆ ಬರೆದು ತೋರಿಸಿದೆ. ಆಂಟಿ ಬಹಳ ಹೊತ್ತು ನೋಡಿದರು. ಅವರ ಜೊತೆ ಅದೇ ಹಡಗಿನಲ್ಲಿ ಬಂದ ಗೆಳತಿ ಈ ವಯಸ್ಸಿನಲ್ಲಿ ಯಾಕೆ ಎಂದು ಕೋರ್ಸು ಮಾಡದೆ 1998ರಲ್ಲಿ ಡಿ ದರ್ಜೆಯಲ್ಲೇ ನಿವೃತ್ತರಾದರು. “ಅವಳಿಗೆ ಈ ಲೆಕ್ಕ ಯಾರೂ ತೋರಿಸಲಿಲ್ಲ” ಎಂದಷ್ಟೇ ಹೇಳಿದರು. ನನಗೆ ನಾಚಿಕೆಯಾಯಿತು. ನಾನು ಆಗಿನ್ನೂ ಶಾಲೆಯಲ್ಲಿದ್ದೆ ನಿಜ, ಆದರೂ.

ನನ್ನ ಹೆಸರನ್ನು ಇಲ್ಲಿಯ ಪುಸ್ತಕದಲ್ಲಿ ಬರೆಸಿಕೊಂಡದ್ದು ಎಷ್ಟು ಸುಲಭವಾಗಿತ್ತು ಎಂಬುದೂ ಆಗ ನೆನಪಾಯಿತು. ಮಂಗಳೂರಿನಲ್ಲಿ ಬಿಕಾಂ, ಅಲ್ಲೇ ಆರ್ಟಿಕಲ್‌ಶಿಪ್, ಆಮೇಲೆ ಸಿಎ. ಭಾರತದ ಮತ್ತು ಇಂಗ್ಲೆಂಡಿನ ಸಿಎ ಸಂಸ್ಥೆಗಳು 2008ರಲ್ಲಿ ಮಾಡಿಕೊಂಡ ಒಪ್ಪಂದದಿಂದ ನನಗೆ ಬಹುಪಾಲು ಪೇಪರುಗಳ ವಿನಾಯಿತಿ ಸಿಕ್ಕಿತು. ಒಂದು ದಿನವೂ ಯಾರೂ ನನ್ನನ್ನು ಗುಮಾಸ್ತನ ಸಂಬಳಕ್ಕೆ ಕೂರಿಸಲಿಲ್ಲ. ತಪ್ಪು ಲೆಕ್ಕ ಬರೆದರೆ ಯಾರೂ ಸಾಯುವುದಿಲ್ಲ, ತಪ್ಪು ಔಷಧಿ ಕೊಟ್ಟರೆ ಸಾಯುತ್ತಾರೆ ಎನ್ನಬಹುದು. ಒಪ್ಪುತ್ತೇನೆ. ಪರೀಕ್ಷೆಯೇ ಬೇಡ ಎಂದು ನಾನು ಹೇಳುವುದಿಲ್ಲ. ನನ್ನ ತಕರಾರು ಬೇರೆ. ಕಳೆದ ಇಪ್ಪತ್ತೈದು ವರ್ಷಗಳ ನಿಯಮಗಳನ್ನು ತಾರೀಖಿನ ಪ್ರಕಾರ ಒಂದರ ಕೆಳಗೊಂದು ಬರೆದು ನೋಡಿದರೆ ಪರೀಕ್ಷೆಯ ಎತ್ತರ ರೋಗಿಯ ಸುರಕ್ಷತೆಯ ಜೊತೆಗಿಂತ ಆಸ್ಪತ್ರೆಯ ಖಾಲಿ ಹುದ್ದೆಗಳ ಜೊತೆ ಏರಿಳಿದ ಹಾಗೆ ಕಾಣುತ್ತದೆ.

2000ದ ಸುಮಾರಿಗೆ ಎನ್‌ಎಚ್‌ಎಸ್‌ಗೆ ಹಣ ಬಂತು, ನರ್ಸುಗಳು ಬೇಕಾದರು. ಭಾರತದಿಂದ, ಫಿಲಿಪೀನ್ಸಿನಿಂದ ಸಾವಿರಾರು ಜನ ಬಂದರು. ಬಡ ರಾಜ್ಯಗಳಿಂದ ನರ್ಸುಗಳನ್ನು ಎಳೆಯಬಾರದೆಂದು ಬ್ರಿಟನ್ ತನ್ನ ನೆರವು ಪಡೆಯುತ್ತಿದ್ದ ಆಂಧ್ರ, ಮಧ್ಯಪ್ರದೇಶ, ಒಡಿಶಾ, ಪಶ್ಚಿಮ ಬಂಗಾಳಗಳಲ್ಲಿ ನೇಮಕಾತಿ ಬೇಡವೆಂದಿತು. ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ. ಬೆಂಗಳೂರು, ಮಂಗಳೂರುಗಳಲ್ಲಿ ಖಾಸಗಿ ನರ್ಸಿಂಗ್ ಕಾಲೇಜುಗಳು ಅಣಬೆಗಳಂತೆ ಎದ್ದದ್ದನ್ನು, ಕೇರಳದ ಮಕ್ಕಳು ರೈಲು ತುಂಬಿ ಬಂದದ್ದನ್ನು ನನ್ನ ವಯಸ್ಸಿನವರು ಕಣ್ಣಾರೆ ಕಂಡಿದ್ದೇವೆ. ಇತ್ತ 2005ರಲ್ಲಿ ವಿದೇಶಿ ನರ್ಸುಗಳಿಗೆ ಕಡ್ಡಾಯ ಕಾರ್ಯಕ್ರಮ ಬಂತು. 2006ರಲ್ಲಿ ಆಸ್ಪತ್ರೆಗಳ ಲೆಕ್ಕ ಕೊರತೆಗೆ ಬಿತ್ತು, ಸಾಮಾನ್ಯ ದರ್ಜೆಯ ನರ್ಸುಗಳನ್ನು ಕೊರತೆಯ ವೃತ್ತಿಗಳ ಪಟ್ಟಿಯಿಂದ ತೆಗೆದರು. 2007ರಲ್ಲಿ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ 7 ಅಂಕ ಬೇಕೆಂದರು. 2015ರಲ್ಲಿ ಮತ್ತೆ ನರ್ಸುಗಳಿಲ್ಲ, ಕೊರತೆಯ ಪಟ್ಟಿಗೆ ವಾಪಸು. ಬ್ರೆಕ್ಸಿಟ್ ಮತದಾನದ ನಂತರ ಯುರೋಪಿನ ನರ್ಸುಗಳು ಬರುವುದು ಕುಸಿಯಿತು. ಇಂಗ್ಲಿಷೇ ಮನೆಮಾತಾದ ಆಸ್ಟ್ರೇಲಿಯಾದ ನರ್ಸುಗಳೂ ಆ ಪರೀಕ್ಷೆಯಲ್ಲಿ ನಪಾಸಾಗುತ್ತಿದ್ದಾರೆಂದು ಪತ್ರಿಕೆಗಳು ಬರೆದವು. 2017ರಲ್ಲಿ ಬೇರೆ ಪರೀಕ್ಷೆಯನ್ನೂ ಒಪ್ಪಿದರು, 2018ರಲ್ಲಿ ಬರವಣಿಗೆಯ ಅಂಕವನ್ನು 6.5ಕ್ಕೆ ಇಳಿಸಿದರು. 2020ರಲ್ಲಿ ಕೋವಿಡ್ ಬಂದಾಗಲಂತೂ ತಾತ್ಕಾಲಿಕ ರಿಜಿಸ್ಟರ್ ತೆರೆದು, ಕೊನೆಯ ಪ್ರಾಯೋಗಿಕ ಪರೀಕ್ಷೆಯೊಂದು ಬಾಕಿ ಇದ್ದ ವಿದೇಶಿ ನರ್ಸುಗಳನ್ನೂ ಅದರಲ್ಲಿ ಬರೆದುಕೊಂಡರು. ಅಲ್ಲಿಯವರೆಗೆ ಇವರೆಲ್ಲ ತಾವು ಕೆಲಸ ಮಾಡುವ ಆಸ್ಪತ್ರೆಯನ್ನು ಬಳಸಲು ವೀಸಾದ ಜೊತೆ ವರ್ಷಕ್ಕೆ 400 ಪೌಂಡ್ ಆರೋಗ್ಯ ಶುಲ್ಕ ಕಟ್ಟುತ್ತಿದ್ದರು. ಮೇ ತಿಂಗಳಲ್ಲಿ, ಜನ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟುತ್ತಿದ್ದ ಹೊತ್ತಿನಲ್ಲಿ, ಗಲಾಟೆಯಾದ ಮೇಲೆ ಸರ್ಕಾರ ಆ ಶುಲ್ಕ ಕೈಬಿಡುವುದಾಗಿ ಹೇಳಿತು. ಚಪ್ಪಾಳೆಗಿಂತ ಆ 400 ಪೌಂಡ್ ನನಗೆ ಹೆಚ್ಚು ಮೆಚ್ಚಿಗೆಯಾಯಿತು.

ಆ ಕೊನೆಯ ಪರೀಕ್ಷೆಗೆ ಆಸ್ಕಿ ಎನ್ನುತ್ತಾರೆ. ಅದರ ರುಚಿ ನನಗೂ ಗೊತ್ತು, ರೋಗಿಯಾಗಿ. 2021ರಲ್ಲಿ ನನ್ನ ಹೆಂಡತಿಯ ಸೋದರಸಂಬಂಧಿಯ ಮಗಳು ಹಾಸನದಿಂದ ಬಂದಳು. ಬೆಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್, ನಾಲ್ಕು ವರ್ಷ ಐಸಿಯು. ಇಲ್ಲಿ ಪರೀಕ್ಷೆ ಪಾಸಾಗಿ ನಂಬರು ಬರುವವರೆಗೆ ನಾಲ್ಕನೆಯ ಬ್ಯಾಂಡಿನ ಸಂಬಳ, ನರ್ಸಿನ ಸಂಬಳ ಐದನೆಯದು. ಪ್ರತಿ ಭಾನುವಾರ ನಮ್ಮ ಸೋಫಾ ಮೇಲೆ ನನ್ನನ್ನು ಮಲಗಿಸಿ ಅಭ್ಯಾಸ ಮಾಡುತ್ತಿದ್ದಳು. ಕೈ ತೊಳೆದೆ ಎಂದು ಹೇಳಬೇಕು, ತನ್ನ ಹೆಸರು ಹೇಳಬೇಕು, ನನ್ನ ಹೆಸರು, ಹುಟ್ಟಿದ ದಿನ ಕೇಳಿ ಕೈಪಟ್ಟಿಯ ಜೊತೆ ಹೋಲಿಸಬೇಕು, ಒಪ್ಪಿಗೆ ಕೇಳಬೇಕು. ವೆಂಟಿಲೇಟರ್ ನೋಡಿಕೊಂಡಿದ್ದವಳು, “ಅಂಕಲ್, ನಿಮ್ಮ ನಾಡಿ ನೋಡಲು ಒಪ್ಪಿಗೆ ಇದೆಯಾ?” ಎಂದು ಗಂಭೀರವಾಗಿ ಕೇಳಿದರೆ ನನ್ನ ಹೆಂಡತಿಗೆ ನಗು. ಸುಮಾರು 800 ಪೌಂಡ್ ಶುಲ್ಕದ ಆ ಪರೀಕ್ಷೆಯಲ್ಲಿ ಮೊದಲ ಸಲ ಅವಳು ನಪಾಸಾದಳು. ಔಷಧಿ ಕೊಡುವ ಮೊದಲು ಅಲರ್ಜಿಯ ಕಾಲಂ ಕಣ್ಣಲ್ಲೇ ಓದಿದ್ದಳು, ಬಾಯಿಬಿಟ್ಟು ಹೇಳಿರಲಿಲ್ಲ. ಎರಡು ದಿನ ಊಟ ಬಿಟ್ಟಳು. ಊರಲ್ಲಿ ಕಾಲೇಜಿಗೆಂದು ಮಾಡಿದ ಸಾಲ ಇನ್ನೂ ತೀರಿರಲಿಲ್ಲ.

ಅವಳನ್ನು ನೋಡಲು ಆಂಟಿಯನ್ನು ಕರೆತಂದೆ. ಸಮಾಧಾನ ಮಾಡುತ್ತಾರೆ ಎಂದುಕೊಂಡರೆ ಆಂಟಿ ಕೇಳಿದ್ದು ಒಂದೇ ಪ್ರಶ್ನೆ. “ಪಾಸಾದ ಮೇಲೆ ನಿನ್ನನ್ನು ಪೂರಾ ನರ್ಸ್ ಅಂತಲೇ ಬರೀತಾರಾ? ಕಾಗದದಲ್ಲಿ ಎಂತ ಉಂಟು, ತೋರಿಸು.”

ಸುಮ್ಮನೆ ಕೇಳಿದ ಪ್ರಶ್ನೆಯಲ್ಲ ಅದು. 2019ರ ಜನವರಿಯಿಂದ ಇಂಗ್ಲೆಂಡಿನಲ್ಲಿ ‘ನರ್ಸಿಂಗ್ ಅಸೋಸಿಯೇಟ್’ ಎಂಬ ಹೊಸ ಹೆಸರು ರಿಜಿಸ್ಟರಿಗೆ ಸೇರಿದೆ. ಎರಡು ವರ್ಷದ ತರಬೇತಿ, ನಾಲ್ಕನೆಯ ಬ್ಯಾಂಡು, ರಿಜಿಸ್ಟರಿನಲ್ಲಿ ಬೇರೆಯದೇ ಭಾಗ. ಇದು ಎನ್‌ರೋಲ್ಡ್ ನರ್ಸ್ ಅಲ್ಲ, ಸಹಾಯಕರಿಗೆ ಮೇಲೇರಲು ಮೆಟ್ಟಿಲು ಎನ್ನುತ್ತಾರೆ. ಇರಬಹುದು, ಇದಕ್ಕೆ ಸೇರುವವರಿಗೆ ತಾವು ಯಾವುದಕ್ಕೆ ಸೇರುತ್ತಿದ್ದೇವೆಂದು ಮೊದಲೇ ಗೊತ್ತಿರುತ್ತದೆ, ದೊಡ್ಡ ವ್ಯತ್ಯಾಸವೇ ಅದು. ಆಂಟಿ ಮಾತ್ರ ಟಿವಿಯಲ್ಲಿ ಆ ಸುದ್ದಿ ಬಂದ ದಿನದಿಂದ ನಂಬಿಲ್ಲ. ಹುಡುಗಿಯ ಕಾಗದದಲ್ಲಿ ‘ರಿಜಿಸ್ಟರ್ಡ್ ನರ್ಸ್’ ಎಂದಿರುವುದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ ಮೇಲೆ, “ಹಾಗಾದ್ರೆ ಇನ್ನೊಮ್ಮೆ ಕೂತ್ಕೋ. ಈ ಸಲ ಕಣ್ಣಲ್ಲಿ ನೋಡಿದ್ದನ್ನೆಲ್ಲ ಬಾಯಲ್ಲಿ ಹೇಳು, ಅಷ್ಟೇ” ಎಂದರು.

ಎರಡನೆಯ ಸಲ ಪಾಸಾದಳು. ಇಲ್ಲಿಯ ನರ್ಸುಗಳ ರಿಜಿಸ್ಟರ್ ಈಗ ಅಂತರ್ಜಾಲದಲ್ಲಿದೆ. 8 ಲಕ್ಷಕ್ಕೂ ಹೆಚ್ಚು ಹೆಸರುಗಳು, ಹೊರದೇಶದಲ್ಲಿ ಕಲಿತು ಬಂದವರಲ್ಲಿ ಭಾರತದವರದೇ ದೊಡ್ಡ ಸಂಖ್ಯೆ. ಯಾರು ಬೇಕಾದರೂ ಹುಡುಕಿ ನೋಡಬಹುದು. ನಂಬರು ಬಂದ ದಿನ ನನ್ನ ಲ್ಯಾಪ್‌ಟಾಪಿನಲ್ಲಿ ಹುಡುಗಿಯ ಹೆಸರು ತೆಗೆದು ಆಂಟಿಗೆ ತೋರಿಸಿದೆವು. ಅವಳು ಫೋಟೊ ತೆಗೆದು ಹಾಸನಕ್ಕೆ ಕಳಿಸಿದಳು. ಆಮೇಲೆ ಆಂಟಿ, “ನನ್ನದು ಹಾಕಿ ನೋಡು” ಎಂದರು. ಹಳೆಯ ನಂಬರು ಅವರಿಗೆ ಕಂಠಪಾಠ. ಟೈಪ್ ಮಾಡಿದೆ. ಅಂಥ ಹೆಸರು ಸಿಗಲಿಲ್ಲ ಎಂದು ಬಂತು.

2007ರಲ್ಲಿ ನಿವೃತ್ತರಾದ ಮೇಲೆ ವರ್ಷದ ಶುಲ್ಕ ಕಟ್ಟಿಲ್ಲ, ಹೆಸರು ತಾನಾಗಿಯೇ ಬಿಟ್ಟುಹೋಗಿದೆ ಎಂದು ನಾನು ಏನೇನೋ ವಿವರಿಸಲು ಹೋದೆ.

“ಗೊತ್ತುಂಟು ಮಗಾ, ದುಡ್ಡು ಕಟ್ಟದಿದ್ರೆ ತೆಗೀತಾರೆ” ಎಂದು ಆಂಟಿ ಡಬ್ಬಿಯ ಮುಚ್ಚಳ ಹಾಕಿದರು. “ಈಗ ಎಷ್ಟು, ವರ್ಷಕ್ಕೆ 120 ಪೌಂಡಾ? ಅದನ್ನು ಟ್ಯಾಕ್ಸಲ್ಲಿ ಕ್ಲೇಮ್ ಮಾಡ್ಲಿಕ್ಕೆ ಆಗ್ತದೆ ಅಂತ ಈ ಹುಡುಗಿಗೆ ಹೇಳಿದ್ದೀಯಾ?”

ಹೇಳಿರಲಿಲ್ಲ. ಅವತ್ತೇ ಅರ್ಜಿ ತುಂಬಿಸಿದೆ.